ಕೆರೆ ಏರಿಯಿಂದ ಕೃಷಿ ಹೊಂಡದವರೆಗೆ: ಗಾಳದ ಮೀನಿನ ಇತಿಹಾಸ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದಲ್ಲಿ ಈ ಸ್ಮರಣ ಸಂಚಿಕೆ ಹೊರಬರುತ್ತಿದೆ. ಷೇರು, ಠೇವಣಿ, ಸಾಲ ವಸೂಲಿ, ಗೊಬ್ಬರದ ದಾಸ್ತಾನು ಇವುಗಳ ಬಗ್ಗೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಬರೆಯುತ್ತಾರೆ, ನೀವು ಒಂದು ಇತಿಹಾಸದ ಲೇಖನ ಬರೆದುಕೊಡಿ ಅಂತ ಸಂಪಾದಕ ಸಮಿತಿಯವರು ನಮಗೆ ಅಪ್ಪಣೆ ಕೊಟ್ಟರು. ನಾವು ಎಸ್.ಎಸ್.ಎಲ್.ಸಿ. ಓದಿ ಬೇಸಾಯಕ್ಕೆ ಇಳಿದವರು. ರಾಜರ ಯುದ್ಧ, ವಂಶಾವಳಿ ಬರೆಯಲು ನಮಗಿಂತ ತಿಳಿದವರಿದ್ದಾರೆ. ಆದ್ದರಿಂದ ನಮ್ಮ ಕೈಗೆಟುಕುವ ಒಂದು ಸಣ್ಣ ವಸ್ತು ಹಿಡಿದುಕೊಂಡಿದ್ದೇವೆ. ಅದೇ ಮೀನು ಹಿಡಿಯುವ ಗಾಳ.

ಗಾಳಕ್ಕೂ ಸಹಕಾರ ಸಂಘಕ್ಕೂ ಏನು ಸಂಬಂಧ ಅಂತ ಕೆಲವರು ನಗಬಹುದು. ಸಂಬಂಧ ಇದೆ. ಈಗ ನಮ್ಮ ಸದಸ್ಯರಲ್ಲಿ ಅನೇಕರ ಹೊಲದಲ್ಲಿ ಕೃಷಿ ಹೊಂಡ ಇದೆ. ಕೆಲವರು ಅದರಲ್ಲಿ ಮೀನುಮರಿ ಬಿಟ್ಟಿದ್ದಾರೆ. ಮೀನು ಬಿಟ್ಟ ಮೇಲೆ ಊರ ಹುಡುಗರು ಸುಮ್ಮನಿರುತ್ತಾರೆಯೇ? ಕೋಲು ಹಿಡಿದು ಬಂದೇ ಬರುತ್ತಾರೆ. "ಅವರನ್ನು ಕೂರಲು ಬಿಡಬೇಕೋ, ಅಟ್ಟಿ ಓಡಿಸಬೇಕೋ? ಬಿಟ್ಟರೆ ಹೆಚ್ಚುಕಮ್ಮಿ ಆದಾಗ ಯಾರು ಹೊಣೆ?" ಎಂಬ ಮಾತು ಮಹಾಸಭೆಯಲ್ಲೂ ಬಂತು, ಸಂಘದ ಕಟ್ಟೆಯ ಮೇಲೂ ಬಂತು. ಉತ್ತರ ಹುಡುಕುವ ಮೊದಲು, ಗಾಳ ಹಾಕುವುದಕ್ಕೆ ಹಿಂದೆ ಯಾರು ಯಾರಿಗೆ ಅವಕಾಶ ಇತ್ತು, ನೀರು ಯಾರ ವಶದಲ್ಲಿತ್ತು ಅಂತ ನೋಡುವುದು ಒಳ್ಳೆಯದು. ಮೀನು ಮುಟ್ಟದ ಮನೆಯವರೂ ನಮ್ಮಲ್ಲಿದ್ದಾರೆ. ಅವರು ಇದನ್ನು ನೀರಿನ ಇತಿಹಾಸ ಅಂತ ಓದಿಕೊಳ್ಳಬೇಕಾಗಿ ವಿನಂತಿ.

ರಾಜರ ವಿನೋದ

ಹೊಟ್ಟೆಪಾಡಿಗೆ ಮೀನು ಹಿಡಿಯುವುದು ಮನುಷ್ಯ ಹುಟ್ಟಿದಾಗಿನಿಂದ ಇದೆ. ಅದಕ್ಕೆ ಬಲೆ, ಕೂಳಿ, ಒಡ್ಡು, ಎಲ್ಲ ಉಂಟು. ಸಂತೋಷಕ್ಕಾಗಿ, ಹೊತ್ತು ಕಳೆಯುವುದಕ್ಕಾಗಿ ಗಾಳ ಹಾಕುವುದು ಬೇರೆ ಮಾತು. ಇದರ ಬಗ್ಗೆ ನಮ್ಮ ದೇಶದಲ್ಲಿ ವಿವರವಾಗಿ ಬರೆದಿಟ್ಟವರು ಯಾರು ಅಂತ ಕೇಳಿದರೆ ಉತ್ತರ ನಮ್ಮ ಕನ್ನಡ ನಾಡಿನಲ್ಲೇ ಸಿಗುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ. ಈತ ಆಳಿದ್ದು 1126ರಿಂದ 1138ರವರೆಗೆ. ರಾಜಧಾನಿ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಈತ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಎಂಬ ದೊಡ್ಡ ಗ್ರಂಥ ಬರೆದಿದ್ದಾನೆ. 'ಅಭಿಲಷಿತಾರ್ಥ ಚಿಂತಾಮಣಿ' ಅಂತಲೂ ಅದಕ್ಕೆ ಹೆಸರಿದೆ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯಭಾರದಿಂದ ಹಿಡಿದು ಅಡುಗೆಯವರೆಗೆ ಅದರಲ್ಲಿ ಇಲ್ಲದ್ದಿಲ್ಲ. ನಮ್ಮ ಇಡ್ಲಿಯ ಹಿರಿಯಕ್ಕನಂಥ 'ಇಡ್ಡರಿಕಾ'ದ ಹೆಸರು ಬರುವುದೂ ಅದರಲ್ಲೇ. ಆ ಗ್ರಂಥದಲ್ಲಿ 'ಮತ್ಸ್ಯವಿನೋದ' ಅಂತಲೇ ಒಂದು ಅಧ್ಯಾಯ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ಹೆಸರು, ಸಮುದ್ರದವು ಯಾವುವು, ನದಿಯವು ಯಾವುವು, ಹುರುಪೆ ಇದ್ದದ್ದು ಯಾವುದು, ಇಲ್ಲದ್ದು ಯಾವುದು, ಯಾವ ಮೀನಿಗೆ ಯಾವ ಆಹಾರ, ಗಾಳದ ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಎಲ್ಲವನ್ನೂ ದೊರೆ ಬರೆಸಿದ್ದಾನೆ. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಡಾ. ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಬಗ್ಗೆ ಲೇಖನ ಬರೆದು ವಿಜ್ಞಾನಿಗಳ ಗಮನಕ್ಕೆ ತಂದರು.

ಇದರಲ್ಲಿ ನಾವು ಗಮನಿಸಬೇಕಾದ್ದು ಒಂದಿದೆ. ಅಧ್ಯಾಯದ ಹೆಸರು ಮತ್ಸ್ಯವಿನೋದ. ಅದು ರಾಜನ ವಿನೋದ. ಹೊತ್ತು ಹೋಗದವನು ದೊರೆ, ದಡವೂ ದೊರೆಯದೇ. ದಡದಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂರುವ ಭಾಗ್ಯ ಬೇಸಾಯಗಾರನಿಗೆ ಎಲ್ಲಿಂದ ಬರಬೇಕು?

ಕೆರೆ, ಕಟ್ಟೆ, ಕುಂಟೆ

ಹಾಗಂತ ನಮ್ಮ ಹಳ್ಳಿಗಳಲ್ಲಿ ಗಾಳ ಇರಲಿಲ್ಲ ಅಂತ ಅಲ್ಲ. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ ಅಂತ ಲೆಕ್ಕ ಹೇಳುತ್ತಾರೆ. ಅದರಲ್ಲಿ ಬಹುಪಾಲು ಮನುಷ್ಯ ಕಟ್ಟಿದ್ದು. ಕೆರೆ ಕಟ್ಟಿಸಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಭೂಮಿ ಬಿಟ್ಟುಕೊಟ್ಟ ಶಾಸನಗಳು ನಾಡಿನ ಉದ್ದಗಲಕ್ಕೂ ಇವೆ. ದೊಡ್ಡ ಕೆರೆಗಳ ಜೊತೆಗೆ ದನ ನೀರು ಕುಡಿಯುವ ಗೋಕಟ್ಟೆ, ಹೊಲದ ತಗ್ಗಿನ ಕುಂಟೆ, ದೇವಸ್ಥಾನದ ಕಲ್ಯಾಣಿ. ನಮ್ಮ ತುಮಕೂರು ಸೀಮೆಯಂಥ ಬಯಲು ನಾಡಿನಲ್ಲಿ ನದಿ ಅಂದರೆ ಮಳೆಗಾಲದ ಹಳ್ಳ. ಮೀನು ಅಂದರೆ ಕೆರೆ ಮೀನೇ.

ಕೆರೆ ಕೋಡಿ ಬಿದ್ದ ದಿನ ಹಳ್ಳಿಗೆ ಹಬ್ಬ. ಮೇಲಿನ ಕೆರೆಯ ಮೀನು ಕೋಡಿ ಹತ್ತಿ ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಗೆಂಡೆ, ಪಕ್ಕೆ, ಕೊರವ, ಬಾಳೆ ಮೀನು, ಹಾವುಮೀನು, ಎಲ್ಲಾ ಹೀಗೆ ತಾವೇ ಬಂದು ಸೇರಿಕೊಂಡವು. ಮೀನುಮರಿ ತಂದು ಬಿಡಬೇಕು ಅನ್ನುವ ಮಾತೇ ಇರಲಿಲ್ಲ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ನೆರೆಗೆ ಗದ್ದೆ ಬಯಲಿಗೆ ಹತ್ತಿ ಬರುವ 'ಹತ್ತುಮೀನಿನ' ಬೇಟೆಯೂ ಇದೇ ಜಾತಿಯ ಸಂಭ್ರಮ.

ಗಾಳದ ಸಾಮಾನು ಏನಿತ್ತು? ಬಿದಿರಿನ ಕಡ್ಡಿ, ದಾರ, ಬೆಂಡಿನ ಒಂದು ತುಂಡು, ಸಂತೆಯಲ್ಲಿ ಸಿಗುವ ಕೊಕ್ಕೆ. ಎರೆಗೆ ತಿಪ್ಪೆಯ ಪಕ್ಕ ಅಗೆದು ತೆಗೆದ ಎರೆಹುಳ, ಇಲ್ಲದಿದ್ದರೆ ಮನೆಯ ರಾಗಿಮುದ್ದೆಯ ಚೂರು. ನಮ್ಮ ವಯಸ್ಸಿನವರೆಲ್ಲ ದನ ಕಾಯಲು ಹೋದಾಗ ಕಲಿತ ವಿದ್ಯೆ ಇದು. ಬೆಂಡು ಅಲ್ಲಾಡಿದರೆ ಎಳೆಯಬಾರದು, ಮುಳುಗಿದರೆ ಎಳೆಯಬೇಕು, ಇಷ್ಟೇ ಪಾಠ. ಮಾತಾಡಬಾರದು, ನೆರಳು ನೀರಿನ ಮೇಲೆ ಬೀಳಬಾರದು. ಸಿಕ್ಕಿದ್ದು ನಾಲ್ಕು ಪಕ್ಕೆ ಆದರೂ ಮನೆಗೆ ತರುವಾಗಿನ ಠೀವಿ ದೊಡ್ಡದು.

ಎಲ್ಲ ನೀರಿನಲ್ಲೂ ಗಾಳ ನಡೆಯುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಶೃಂಗೇರಿಯ ತುಂಗಾ ತೀರದಲ್ಲಿ, ಕಾವೇರಿ ದಂಡೆಯ ರಾಮನಾಥಪುರದಲ್ಲಿ ಮೀನಿಗೆ ಮಂಡಕ್ಕಿ ಹಾಕಿ ನೋಡಿ ಸಂತೋಷಪಡುತ್ತಾರೆಯೇ ಹೊರತು ಹಿಡಿಯುವುದಿಲ್ಲ. ಅದೂ ಒಂದು ಬಗೆಯ ಮತ್ಸ್ಯವಿನೋದವೇ. ಅಂದರೆ ಯಾವ ನೀರಿನಲ್ಲಿ ಏನು ಮಾಡಬಹುದು, ಏನು ಕೂಡದು ಅಂತ ಊರೇ ಒಂದು ಕಟ್ಟುಪಾಡು ಇಟ್ಟುಕೊಂಡಿತ್ತು.

ದೊರೆಗಳ ರಾಡು, ಸರ್ಕಾರದ ಕಾನೂನು

ಬ್ರಿಟಿಷರು ಬಂದ ಮೇಲೆ ಗಾಳಕ್ಕೆ ಹೊಸ ಮೆರುಗು ಬಂತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬುವರು 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದು 1873ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ನಮ್ಮ ನಾಡಿನ ಹೊಳೆಗಳಲ್ಲಿ ಗಾಳ ಹಾಕುವುದನ್ನು ಕುರಿತು ಇಂಗ್ಲಿಷಿನಲ್ಲಿ ಬಂದ ಹೆಸರುವಾಸಿ ಪುಸ್ತಕ ಅದು. ಇದೇ ಥಾಮಸ್ ಸಾಹೇಬರು ಹೊಳೆಗೆ ವಿಷ ಹಾಕಿ ಮೀನು ಕೊಲ್ಲುವುದನ್ನೂ ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಾಚುವುದನ್ನೂ ನಿಲ್ಲಿಸಬೇಕು ಅಂತ ವಾದಿಸಿದವರು. ಕಡೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದು ಅಪರಾಧ ಆಯಿತು. ಮೈಸೂರು ಸಂಸ್ಥಾನದಲ್ಲೂ 1901ರಲ್ಲಿ ಬೇಟೆ ಪ್ರಾಣಿ ಮತ್ತು ಮೀನು ಸಂರಕ್ಷಣೆಯ ಕಾನೂನು ಬಂತು.

ಆ ಕಾಲದ ಸಾಹೇಬರಿಗೆ ಕೆರೆಯ ಪಕ್ಕೆ, ಗೆಂಡೆ ಸಾಕಾಗುತ್ತಿರಲಿಲ್ಲ. ಅವರ ಕಣ್ಣು ಕಾವೇರಿ, ಕಬಿನಿಯ ಮಹಸೀರ್ ಮೇಲೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಹಿಡಿದದ್ದು ದಾಖಲೆ ಅಂತ ಇಂದಿಗೂ ಹೇಳುತ್ತಾರೆ. ಸ್ವಾತಂತ್ರ್ಯ ಬಂದ ಮೇಲೂ ಕಾವೇರಿ ತೀರದ ಭೀಮೇಶ್ವರಿಯಲ್ಲಿ ದೇಶ ವಿದೇಶದವರು ಬಂದು ಮೀನು ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಆ ಜಾತಿಯ ಗೂನು ಬೆನ್ನಿನ ಮಹಸೀರ್ ಈಗ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ಕನ್ನಡದಲ್ಲಿ ಮೀನು ಶಿಕಾರಿಯ ರುಚಿಯನ್ನು ಮನೆಮನೆಗೆ ತಲುಪಿಸಿದವರು ಮೂಡಿಗೆರೆಯ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು. 2007ರಲ್ಲಿ ಅವರು ತೀರಿಕೊಂಡರು. ದೊಡ್ಡ ಸಾಹಿತಿ ಗಾಳ ಹಿಡಿದು ಹೊಳೆ ದಂಡೆಯಲ್ಲಿ ಕೂರುವುದನ್ನು ಕಂಡ ಮೇಲೆಯೇ ಅದು ಕೆಲಸ ಇಲ್ಲದವರ ಕೆಲಸ ಅಲ್ಲ ಅಂತ ನಮ್ಮವರಲ್ಲಿ ಅನೇಕರಿಗೆ ಅನ್ನಿಸಿದ್ದು.

ಮೀನುಮರಿ ಬಂತು, ಕೆರೆ ಗುತ್ತಿಗೆಗೆ ಹೋಯಿತು

ಇನ್ನು ಕೆರೆಯ ಕಡೆಗೆ ಬರೋಣ. ಇವತ್ತು ಕೆರೆಯಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೂಲದಲ್ಲಿ ಗಂಗಾ ನದಿಯ ಕಡೆಯ ಮೀನುಗಳು. ಇವು ಹರಿಯುವ ನದಿಯಲ್ಲಿ ಮಳೆಗಾಲದಲ್ಲಿ ಮೊಟ್ಟೆ ಇಡುತ್ತವೆಯೇ ಹೊರತು ನಿಂತ ನೀರಿನಲ್ಲಿ ಇಡುವುದಿಲ್ಲ. ಆದ್ದರಿಂದ ಮರಿ ಬೇಕಾದರೆ ನದಿಯಲ್ಲೇ ಹಿಡಿದು ತರಬೇಕಿತ್ತು. ಈ ಕಷ್ಟ ತಪ್ಪಿದ್ದು 1957ರ ಜುಲೈ 10ರಂದು. ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ, ನಿಂತ ನೀರಿನಲ್ಲೇ ಮೊಟ್ಟೆ ಇಡಿಸಿ ತೋರಿಸಿದರು. ಅದರ ನೆನಪಿಗೇ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸುತ್ತಾರೆ. 1959ರಲ್ಲಿ ಹುಲ್ಲುಗೆಂಡೆ, ಬೆಳ್ಳಿಗೆಂಡೆ ಹೊರದೇಶದಿಂದ ಬಂದವು. ಸಾಮಾನ್ಯ ಗೆಂಡೆ ಅದಕ್ಕೂ ಮುಂಚೆ ಬಂದಿತ್ತು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ಶುರುವಾಯಿತು. ಭದ್ರಾ ಅಣೆಕಟ್ಟಿನ ಬಿ.ಆರ್. ಪ್ರಾಜೆಕ್ಟಿನಂಥ ಕಡೆ ಮೀನುಮರಿ ಕೇಂದ್ರಗಳು ಬೆಳೆದವು.

ಮರಿಗೆ ಬೆಲೆ ಬಂದ ಮೇಲೆ ಕೆರೆಗೂ ಬೆಲೆ ಬಂತು. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ, ಚಿಕ್ಕವನ್ನು ಪಂಚಾಯಿತಿ ಗುತ್ತಿಗೆಗೆ ಕೊಡುವ ಪದ್ಧತಿ ಬೇರೂರಿತು. ಮೀನುಗಾರರ ಸಹಕಾರ ಸಂಘಗಳಿಗೆ ಇದರಿಂದ ಅನುಕೂಲ ಆದದ್ದುಂಟು. ಅದೇ ಕುಲಕಸುಬು ಮಾಡುವ ಬಡವರಿಗೆ ಅದು ಅನ್ನ. ಆದರೆ ಕೆರೆ ಗುತ್ತಿಗೆಗೆ ಹೋದ ದಿನದಿಂದ ಏರಿಯ ಮೇಲೆ ಕಾವಲುಗಾರ ಬಂದ. ಮೊದಲು ತಾನಾಗಿ ಬಂದ ಮೀನು ಊರಿನದ್ದು. ಈಗ ದುಡ್ಡು ಕೊಟ್ಟು ತಂದು ಬಿಟ್ಟ ಮೀನು, ಬಿಟ್ಟವನದ್ದು. ಗಾಳ ಹಿಡಿದ ಹುಡುಗ ಕಳ್ಳ ಅನ್ನಿಸಿಕೊಂಡ.

ಇದರಲ್ಲಿ ಗುತ್ತಿಗೆದಾರನದೇ ತಪ್ಪು ಅಂತ ನಾವು ಹೇಳುವುದಿಲ್ಲ. ಅವನು ಸಾಲ ಮಾಡಿ ಮರಿ ತಂದಿರುತ್ತಾನೆ. ಮಳೆ ಕೈಕೊಟ್ಟರೆ ಕೆರೆ ಒಣಗುತ್ತದೆ, ಕೋಡಿ ಬಿದ್ದರೆ ಮೀನು ಹೋಗುತ್ತದೆ. ಎರಡು ಕಡೆಯೂ ಅವನಿಗೇ ಪೆಟ್ಟು. ಆದರೂ ಊರಿನ ನೀರಿನ ದಂಡೆಯಲ್ಲಿ ಊರಿನ ಮಗುವಿಗೆ ಕೂರುವ ಜಾಗ ಇಲ್ಲದೆ ಹೋಯಿತು ಎಂಬುದು ಇತಿಹಾಸದ ಒಂದು ಸತ್ಯ.

ಅಮೆರಿಕದ ರೈತರು ಹೊಂಡ ತೋಡಿದ್ದು

ಹೊಲದಲ್ಲಿ ಹೊಂಡ ತೋಡಿ, ಅದರಲ್ಲಿ ಮೀನು ಬಿಟ್ಟು, ಮನೆಮಂದಿ ಗಾಳ ಹಾಕುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಅಮೆರಿಕದಲ್ಲಿ. ಅವರಿಗೆ ಅದು ಷೋಕಿಯಿಂದ ಬಂದದ್ದಲ್ಲ, ಕಷ್ಟದಿಂದ ಬಂದದ್ದು. 1930ರ ದಶಕದಲ್ಲಿ ಅಲ್ಲಿ ಬರಗಾಲ, ಧೂಳಿನ ಬಿರುಗಾಳಿ. ಹೊಲದ ಮೇಲ್ಮಣ್ಣು ಹಾರಿಹೋಯಿತು, ಕೊಚ್ಚಿಹೋಯಿತು. 1935ರಲ್ಲಿ ಅಲ್ಲಿಯ ಸರ್ಕಾರ ಮಣ್ಣು ಸಂರಕ್ಷಣೆಗೆ ಕಾನೂನು ಮಾಡಿ ಒಂದು ಇಲಾಖೆಯನ್ನೇ ತೆರೆಯಿತು. ಬದು ಹಾಕಿ, ಹೊಂಡ ತೋಡಿ, ದನಕ್ಕೂ ಬೆಳೆಗೂ ನೀರು ನಿಲ್ಲಿಸಿ ಅಂತ ರೈತರಿಗೆ ನೆರವು ಕೊಟ್ಟರು. ನೀರು ನಿಂತ ಮೇಲೆ ಮೀನು ಬಿಡುವುದು ಸಹಜ. ಸರ್ಕಾರದ ಮೀನುಮರಿ ಕೇಂದ್ರಗಳೇ ಮರಿ ಕೊಟ್ಟವು.

ಆದರೆ ಎರಡು ಮೂರು ವರ್ಷದಲ್ಲಿ ಹೊಂಡದ ತುಂಬ ಬೆರಳುದ್ದದ ಮೀನೇ ಆಗಿ ಗಾಳಕ್ಕೆ ದೊಡ್ಡದೊಂದೂ ಸಿಗದ ಪರಿಸ್ಥಿತಿ ಅನೇಕ ಕಡೆ ಬಂತು. ಅಲಬಾಮ ರಾಜ್ಯದ ಆಬರ್ನ್ ಎಂಬಲ್ಲಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ ತಮ್ಮ ಜೊತೆಗಾರ ಸ್ಮಿತ್ ಅವರೊಡನೆ ಸಣ್ಣ ಸಣ್ಣ ಹೊಂಡ ಮಾಡಿ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಅವರು ಕಂಡುಕೊಂಡದ್ದು ನಮ್ಮ ರೈತರಿಗೂ ಒಪ್ಪುವ ಮಾತು. ಹೊಲಕ್ಕೆ ಇಷ್ಟೇ ಪೈರು ಅಂತ ಹೇಗೋ, ನೀರಿಗೂ ಇಷ್ಟೇ ತೂಕದ ಮೀನು ಅಂತ ಒಂದು ಮಿತಿ ಇದೆ. ಆ ತೂಕವನ್ನು ಸಾವಿರ ಚಿಕ್ಕ ಮೀನು ಹಂಚಿಕೊಂಡರೆ ಒಂದೂ ಬೆಳೆಯುವುದಿಲ್ಲ. ಆದ್ದರಿಂದ ತಿನ್ನಿಸಿಕೊಳ್ಳುವ ಮೀನಿನ ಜೊತೆಗೆ ತಿನ್ನುವ ಮೀನೂ ಲೆಕ್ಕ ಹಿಡಿದು ಇರಬೇಕು. ಅಲ್ಲಿ ಅವು ಬ್ಲೂಗಿಲ್ ಮತ್ತು ಬಾಸ್ ಎಂಬ ಎರಡು ಜಾತಿ. ಇನ್ನೊಂದು ಮಾತು: ಹಿಡಿಯದೆ ಬಿಟ್ಟರೆ ಹೊಂಡ ಕೆಡುತ್ತದೆ. ಪೈರನ್ನು ತೆಳು ಮಾಡುವ ಹಾಗೆ ಮೀನನ್ನೂ ಹಿಡಿಯುತ್ತಿರಬೇಕು. ಅಂದರೆ ಅಲ್ಲಿ ಗಾಳ ಹಾಕುವವನು ಹೊಂಡದ ಕಳೆ ಕೀಳುವ ಆಳೂ ಆದ. 1942ರಲ್ಲಿ ಅವರು ಇದನ್ನೆಲ್ಲ ರೈತರಿಗೆ ಅರ್ಥ ಆಗುವ ಹಾಗೆ ಒಂದು ಕಿರುಹೊತ್ತಗೆಯಲ್ಲಿ ಅಚ್ಚು ಹಾಕಿದರು.

ಅಲ್ಲೂ ನೆರೆಹೊರೆಯವರು ಹೊಂಡಕ್ಕೆ ಬಂದಾಗ ನಮ್ಮದೇ ಪ್ರಶ್ನೆ ಎದ್ದಿತು: ಯಾರಾದರೂ ಬಿದ್ದರೆ ಹೊಣೆ ಯಾರು? ಈ ಹೆದರಿಕೆಗೆ ರೈತರು ಗೇಟು ಹಾಕಿಕೊಳ್ಳಬಾರದು ಅಂತ, ದುಡ್ಡು ತೆಗೆದುಕೊಳ್ಳದೆ ಜನರನ್ನು ಬಿಟ್ಟುಕೊಳ್ಳುವ ಜಮೀನುದಾರನ ಹೊಣೆಯನ್ನು ಕಡಿಮೆ ಮಾಡುವ ಮಾದರಿ ಕಾನೂನನ್ನು 1965ರಲ್ಲಿ ರಚಿಸಿದರು. ಅನೇಕ ರಾಜ್ಯಗಳು ಅಂಥ ಕಾನೂನು ಮಾಡಿಕೊಂಡವು. ಅದು ಅವರ ದೇಶದ ಕಾನೂನು, ನಮ್ಮದಲ್ಲ. ನಮ್ಮ ಹೊಣೆಯನ್ನು ನಾವೇ ಹೊರಬೇಕು.

ನಮ್ಮ ಸೀಮೆಯ ಹೊಂಡಗಳು

ನಮ್ಮಲ್ಲೂ ಹೊಂಡ ಬಂದದ್ದು ಬರಗಾಲದ ಬಾಗಿಲಿನಿಂದಲೇ. ಕೆರೆಗಳು ಹೂಳು ತುಂಬಿದವು, ಬೋರ್‌ವೆಲ್ ಆಳಕ್ಕೆ ಇಳಿದವು. 2001ರಲ್ಲಿ ವಿಶ್ವಬ್ಯಾಂಕ್ ನೆರವಿನ ಸುಜಲಾ ಜಲಾನಯನ ಯೋಜನೆ ಶುರುವಾಯಿತು. ಅದು ಬಂದ ಐದು ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಒಂದು. ಬದು, ತಡೆಗೋಡೆ, ಕೃಷಿ ಹೊಂಡ ಎಂಬ ಮಾತುಗಳು ಹಳ್ಳಿಯ ಬಾಯಿಗೆ ಬಂದದ್ದು ಹೆಚ್ಚಾಗಿ ಆಗ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ನಂತರ ಕೂಲಿ ಕೆಲಸದಲ್ಲೂ ಹೊಂಡ ತೋಡಿದರು. ಆಮೇಲೆ 2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದು ಹೊಂಡಗಳ ಸಂಖ್ಯೆ ಒಮ್ಮೆಲೇ ಏರಿತು. 10 ಮೀಟರ್ ಚೌಕದಿಂದ 21 ಮೀಟರ್ ಚೌಕದವರೆಗೆ ಬೇರೆ ಬೇರೆ ಅಳತೆ, ಆಳ ಮಾತ್ರ 3 ಮೀಟರ್. ನೀರು ಇಂಗದ ಹಾಗೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುವುದೂ ಅದರಲ್ಲಿ ಸೇರಿತ್ತು.

ಇದು ಸಣ್ಣ ಬದಲಾವಣೆ ಅಲ್ಲ. ನದಿ ದೊರೆಗಳದ್ದು, ಕೆರೆ ಮೊದಲು ಊರಿನದ್ದು, ಆಮೇಲೆ ಗುತ್ತಿಗೆಯದ್ದು. ಎರಡೆಕರೆ ಮೂರೆಕರೆ ಹಿಡುವಳಿಯ ರೈತನ ಸ್ವಂತ ವಶಕ್ಕೆ ಇಷ್ಟು ನಿಂತ ನೀರು ಬಂದದ್ದು ನಮ್ಮ ಸೀಮೆಯ ಇತಿಹಾಸದಲ್ಲಿ ಹೊಸದು. ಈ ದಂಡೆಯಲ್ಲಿ ಯಾರು ಕೂರಬೇಕು, ಕೂರಬಾರದು ಅಂತ ಹೇಳುವ ಅಧಿಕಾರ ಈಗ ನಮ್ಮದೇ.

ಮೀನು ಬಿಟ್ಟವರಿಗೆ ಎರಡು ಮಾತು. ಹೆಕ್ಟೇರಿಗೆ 5 ಸಾವಿರ ಮರಿ ಎಂಬುದು ಮಿಶ್ರ ಸಾಕಣೆಯ ಸಾಮಾನ್ಯ ಲೆಕ್ಕ. ಆ ಪ್ರಕಾರ 21 ಮೀಟರ್ ಚೌಕದ ಹೊಂಡಕ್ಕೆ ಸುಮಾರು 220 ಮರಿ. ಆಸೆಗೆ ಬಿದ್ದು ಸಾವಿರ ಬಿಟ್ಟರೆ ಆಬರ್ನ್‌ನಲ್ಲಿ ಕಂಡ ಬೆರಳುದ್ದದ ಮೀನೇ ಇಲ್ಲೂ ಗತಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಉಸಿರು ಕಮ್ಮಿ ಆಗಿದೆ ಅಂತ ಅರ್ಥ. ಆಗ ಮೇವು ನಿಲ್ಲಿಸಿ ಹೊಸ ನೀರು ಬಿಡಬೇಕು. ಗಾಳಕ್ಕೆ ಚೆನ್ನಾಗಿ ಬೀಳುವುದು ಸಾಮಾನ್ಯ ಗೆಂಡೆ. ತಳದಲ್ಲಿ ಮೇಯುವ ಮೀನಾದ್ದರಿಂದ ರಾಗಿಮುದ್ದೆಗೆ ಕಡಲೆಕಾಯಿ ಹಿಂಡಿ ಕಲಸಿದ ಉಂಡೆ ಸಾಕು. ಬೆಳ್ಳಿಗೆಂಡೆ ನೀರಿನ ಪಾಚಿಯ ಕಣ ಸೋಸಿ ತಿನ್ನುವಂಥದ್ದು, ಅದಕ್ಕೆ ಉಂಡೆ ಕಟ್ಟಿ ಕೂತರೆ ಸಂಜೆ ಆದೀತು.

ಜಿಲೇಬಿ ಅಂತ ನಾವು ಕರೆಯುವ ತಿಲಾಪಿಯ ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಗಾಳಕ್ಕೆ ಬೇಗ ಬೀಳುತ್ತದೆ ಅಂತ ಹುಡುಗರಿಗೆ ಅದರ ಮೇಲೆ ಪ್ರೀತಿ. ಆದರೆ ತಾಯಿ ಮೀನು ಮೊಟ್ಟೆ, ಮರಿಗಳನ್ನು ಬಾಯಲ್ಲಿಟ್ಟು ಸಾಕುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. ಹೊಂಡಕ್ಕೆ ಹತ್ತು ಬಿದ್ದರೆ ಹೊಂಡವೇ ಅದರದ್ದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದಂತೂ ಸರ್ಕಾರ ನಿಷೇಧಿಸಿದ್ದು. ಅದು ಹೊಂಡದಿಂದ ಹಳ್ಳಕ್ಕೆ, ಕೆರೆಗೆ ಹೋದರೆ ಉಳಿದ ಮೀನುಗಳನ್ನು ತಿಂದು ಮುಗಿಸುತ್ತದೆ. ಯಾರೋ ಬಿಟ್ಟಿ ಕೊಟ್ಟರು ಅಂತ ತಂದು ಹಾಕಬೇಡಿ. ಔಷಧಿ ಹೊಡೆಯುವ ಕ್ಯಾನನ್ನು ಹೊಂಡದಲ್ಲಿ ತೊಳೆಯುವುದೂ ಸಲ್ಲ. 1897ರಲ್ಲೇ ನೀರಿಗೆ ವಿಷ ಹಾಕುವುದನ್ನು ಕಾನೂನು ಬೇಡ ಅಂದಿದೆ. ನಾವು ತಿಳಿದು ಹಾಕಿದರೂ ತಿಳಿಯದೆ ಹಾಕಿದರೂ ಮೀನು ಸಾಯುವುದು ಒಂದೇ ರೀತಿ.

ದಂಡೆಯ ಹೊಣೆ

ಈಗ ಮುಖ್ಯ ಮಾತಿಗೆ ಬರುತ್ತೇವೆ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಹಳೇ ಕೆರೆಯ ಅಂಚು ಕೆಸರಿನದ್ದು, ನಿಧಾನಕ್ಕೆ ಇಳಿಯುವಂಥದ್ದು. ಮಗು ಮೊಣಕಾಲು ನೀರಿಗೆ ಇಳಿದು ಹೆದರಿ ವಾಪಸ್ಸು ಬರುತ್ತಿತ್ತು. ಕೃಷಿ ಹೊಂಡ ಹಾಗಲ್ಲ. ಅದರ ನಾಲ್ಕು ಬದಿಯೂ ಕಡಿದು ಇಳಿದಿರುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲ ದೊಡ್ಡವರಿಗೂ ಹತ್ತಲು ಹಿಡಿತ ಸಿಗುವುದಿಲ್ಲ. 3 ಮೀಟರ್ ಅಂದರೆ ಹತ್ತಿರ ಹತ್ತಡಿ. ಒಬ್ಬ ಜಾರಿದರೆ ಎತ್ತಲು ಹೋದ ಇನ್ನೊಬ್ಬನೂ ಜಾರುತ್ತಾನೆ. ಬೇಸಿಗೆ ರಜೆ ಬಂತೆಂದರೆ ರಾಜ್ಯದ ಒಂದಲ್ಲ ಒಂದು ಜಿಲ್ಲೆಯಿಂದ ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಅಣ್ಣ ತಮ್ಮ ಇಬ್ಬರೂ, ಅಪ್ಪ ಮಗ ಇಬ್ಬರೂ ಒಟ್ಟಿಗೆ ಹೋದ ಸುದ್ದಿಗಳನ್ನು ಓದಿ ನಾವೆಲ್ಲ ಮರುಗಿದ್ದೇವೆ. 2023-24ರಲ್ಲಿ ಕೃಷಿ ಭಾಗ್ಯ ಮತ್ತೆ ಜಾರಿಗೆ ಬಂದಾಗ ಹೊಂಡದ ಸುತ್ತ ತಂತಿ ಬೇಲಿಯನ್ನೂ ಯೋಜನೆಗೆ ಸೇರಿಸಿದರು. ಅದಕ್ಕೂ ಮುಂಚೆ ತೋಡಿದ ಅನೇಕ ಹೊಂಡಗಳಿಗೆ ಬೇಲಿ ಇಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಪ್ರಯೋಜನ?

"ಹಾಗಾದರೆ ಮಕ್ಕಳನ್ನು ಹೊಂಡದ ಹತ್ತಿರಕ್ಕೇ ಸೇರಿಸಬೇಡಿ" ಅಂತ ಕೆಲವು ಸದಸ್ಯರು ಹೇಳುತ್ತಾರೆ. ಅವರ ಭಯ ನಿಜವಾದ ಭಯ. ಆದರೆ ಬರಬೇಡ ಅಂದರೆ ಮಕ್ಕಳು ಬರುವುದಿಲ್ಲವೇ? ನಾವು ಹೊಲದಲ್ಲಿ ಇಲ್ಲದ ಹೊತ್ತು ನೋಡಿ ಬರುತ್ತಾರೆ. ಒಬ್ಬರೇ, ಹೆದರಿಕೊಂಡು, ಗಡಿಬಿಡಿಯಲ್ಲಿ ಬರುತ್ತಾರೆ. ಅಪಾಯ ಇರುವುದು ಆ ಹೊತ್ತಿನಲ್ಲೇ. ದೊಡ್ಡವರ ಎದುರಿಗೆ ಗಾಳ ಹಾಕಿದ ಹುಡುಗ ಬೇಲಿಯ ಆಚೆ ಎಲ್ಲಿ ನಿಲ್ಲಬೇಕು, ಎಲ್ಲಿ ಕಾಲಿಡಬಾರದು ಎಂಬುದನ್ನು ಕಲಿಯುತ್ತಾನೆ. ಕದ್ದು ಹಾಕಿದ ಹುಡುಗನಿಗೆ ಕಲಿಸುವವರಿಲ್ಲ. ಮೀನಿನ ಮರಿಗೆ ಈಜು ಕಲಿಸಬೇಕಾಗಿಲ್ಲ, ಮನುಷ್ಯನ ಮರಿಗೆ ಕಲಿಸಲೇಬೇಕು.

ಆದ್ದರಿಂದ ಸದಸ್ಯರ ಮುಂದೆ ಒಂದು ಸಲಹೆ ಇಡುತ್ತಿದ್ದೇವೆ. ಒಪ್ಪುವುದು ಬಿಡುವುದು ಮಹಾಸಭೆಗೆ ಸೇರಿದ್ದು.

ಒಂದು, ಬೇಲಿ ಇಲ್ಲದ ಹೊಂಡದಲ್ಲಿ ಯಾರಿಗೂ ಗಾಳ ಇಲ್ಲ, ಮಾಲೀಕನ ಮಕ್ಕಳಿಗೂ ಇಲ್ಲ. ಬೇಲಿಗೆ ಗೇಟು, ಗೇಟಿಗೆ ಬೀಗ ಇರಬೇಕು.

ಎರಡು, ನಾಲ್ಕೂ ಬದಿಯಲ್ಲಿ ಗೂಟಕ್ಕೆ ಕಟ್ಟಿದ, ಗಂಟು ಹಾಕಿದ ದಪ್ಪ ಹಗ್ಗ ನೀರಿಗೆ ಇಳಿಬಿಟ್ಟಿರಬೇಕು. ಗಾಳಿ ತುಂಬಿದ ಹಳೇ ಟ್ರಾಕ್ಟರ್ ಟ್ಯೂಬ್ ಒಂದು, ಉದ್ದದ ಬಿದಿರು ಗಳ ಒಂದು ದಂಡೆಯಲ್ಲಿ ಯಾವಾಗಲೂ ಇರಬೇಕು. ಯಾರಾದರೂ ಬಿದ್ದರೆ ಹಾರಬಾರದು. ಟ್ಯೂಬ್ ಎಸೆಯಬೇಕು, ಗಳ ಚಾಚಬೇಕು, ಕೂಗಬೇಕು.

ಮೂರು, ಗಾಳ ಹಾಕುವುದು ಹೊಂಡದವರು ಇದ್ದಾಗ ಮಾತ್ರ. ಹುಡುಗರಷ್ಟೇ ಅಲ್ಲ, ಹುಡುಗಿಯರೂ ಬರಲಿ. ಕೈಲಾಗದೆ ಜಗಲಿಯಲ್ಲಿ ಕೂತ ಅಜ್ಜಂದಿರೂ ಬರಲಿ. ಅವರಿಗೆ ಬೆಂಡು ನೋಡುವ ಸಂತೋಷ, ನಮಗೆ ಕಾವಲು.

ನಾಲ್ಕು, ಇದಕ್ಕೆ ದುಡ್ಡು ವಸೂಲಿ ಬೇಡ. ಸಿಕ್ಕಿದ ಮೀನಿನಲ್ಲಿ ದೊಡ್ಡದು ಹೊಂಡದವರಿಗೆ, ಚಿಕ್ಕದು ಹಿಡಿದವರಿಗೆ ಅಂತ ಊರ ಲೆಕ್ಕ ಇರಲಿ. ಚಿಕ್ಕ ಮೀನು ತೆಗೆದರೆ ಉಳಿದದ್ದು ಬೆಳೆಯುತ್ತದೆ, ಅದರಲ್ಲೂ ಜಿಲೇಬಿ ಎಷ್ಟು ಹಿಡಿದರೂ ಹಿಡಿಯಲಿ.

ಐದು, ಬೇಲಿಯ ತಂತಿ, ಹಗ್ಗ ಇವನ್ನು ಗೊಬ್ಬರ, ಬೀಜದ ಜೊತೆಗೆ ನಮ್ಮ ಸಂಘವೇ ಸಗಟಾಗಿ ತರಿಸಿ ಸದಸ್ಯರಿಗೆ ಕಂತಿನ ಮೇಲೆ ಕೊಡುವುದನ್ನು ಆಡಳಿತ ಮಂಡಳಿ ಪರಿಶೀಲಿಸಲಿ. ಒಬ್ಬೊಬ್ಬರೇ ಪೇಟೆಯಲ್ಲಿ ಕೊಂಡರೆ ದುಬಾರಿ, ಕೂಡಿ ಕೊಂಡರೆ ಹಗುರ.

ನಮ್ಮ ರಾಜ್ಯದ ಸಹಕಾರ ಚಳವಳಿ ಶುರುವಾದದ್ದು 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಲದ ಹೊರೆಯನ್ನು ಒಬ್ಬನೇ ಹೊರುವ ಬದಲು ಊರು ಕೂಡಿ ಹೊರೋಣ ಎಂಬುದೇ ಅದರ ಮೂಲ ಮಾತು. ಹೊಂಡದ ಹೊಣೆಗೂ ಅದೇ ಮಾತು ಅನ್ವಯಿಸುತ್ತದೆ. ಹೊಂಡ ಒಬ್ಬೊಬ್ಬರದ್ದು, ಮಕ್ಕಳು ಊರಿನವರು.

ಸೋಮೇಶ್ವರನ ಕಾಲದಲ್ಲಿ ಮತ್ಸ್ಯವಿನೋದ ಅರಮನೆಗೆ ಸೇರಿದ್ದಾಗಿತ್ತು. ಒಂಬತ್ತು ನೂರು ವರ್ಷದ ಹತ್ತಿರಕ್ಕೆ ಬಂದ ಮೇಲೆ ಅದು ರಾಗಿ ಹೊಲದ ಅಂಚಿಗೆ ಬಂದಿದೆ. ಇಷ್ಟು ದೂರ ಬಂದದ್ದನ್ನು ಭಯದಿಂದ ಅಟ್ಟುವುದೂ ಬೇಡ, ಅಸಡ್ಡೆಯಿಂದ ಒಂದು ಮನೆಯ ದೀಪ ಆರಿಸುವುದೂ ಬೇಡ. ಬರುವ ಮಳೆಗಾಲಕ್ಕೆ ಮುಂಚೆ ನಮ್ಮ ಸದಸ್ಯರ ಒಂದೊಂದು ಹೊಂಡಕ್ಕೂ ಬೇಲಿ ಬೀಳಲಿ. ರಜತ ಮಹೋತ್ಸವದ ವರ್ಷದಲ್ಲಿ ಸಂಘ ಮಾಡಿದ ಕೆಲಸಗಳ ಪಟ್ಟಿಯಲ್ಲಿ ಅದೂ ಒಂದು ಸಾಲಾಗಿ ಸೇರಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ.